ಹಲ್ಲು ಕೀಳಿಸಿದ ಮೇಲಿನ ಒಂದು ವಾರ: ಯಾವ ಮಾತ್ರೆ, ಯಾವ ಊಟ, ಐಸೋ ಶಾಖವೋ?

ಹಲ್ಲು ಕೀಳಿಸುವ ಮುಂಚೆ ಎಲ್ಲರಿಗೂ ಇಂಜೆಕ್ಷನ್ನಿನದೇ ಭಯ, ಇಕ್ಕಳದ್ದೇ ಭಯ. ನಿಜವಾದ ಗೊಂದಲ ಶುರುವಾಗುವುದು ಬಾಯಲ್ಲಿ ಹತ್ತಿ ಕಚ್ಚಿಕೊಂಡು ಮನೆಗೆ ಬಂದ ಮೇಲೆ. ಅಜ್ಜಿ ಉಪ್ಪುನೀರು ಮುಕ್ಕಳಿಸು ಅಂತಾರೆ, ಪಕ್ಕದ ಮನೆಯವರು ಲವಂಗ ಇಟ್ಟುಕೊಳ್ಳಿ ಅಂತಾರೆ, ಗೆಳೆಯರು ಐಸ್‌ಕ್ರೀಂ ತಂದುಕೊಡುತ್ತಾರೆ, ಮೆಡಿಕಲ್ ಶಾಪಿನಲ್ಲಿ ಡಾಕ್ಟರು ಬರೆದದ್ದರ ಜತೆಗೆ ಇನ್ನೊಂದು ಮಾತ್ರೆ ಕೈಗೆ ಬರುತ್ತದೆ. ಹೇಳುವವರೆಲ್ಲ ಒಳ್ಳೆಯದಕ್ಕೇ ಹೇಳುತ್ತಾರೆ. ಆದರೆ ಇವುಗಳಲ್ಲಿ ಕೆಲವು ಮೊದಲ ದಿನಕ್ಕೆ ಸರಿ, ಕೆಲವು ಮೂರನೇ ದಿನಕ್ಕೆ ಸರಿ, ಕೆಲವು ಯಾವ ದಿನಕ್ಕೂ ಸರಿಯಲ್ಲ.

ನಮ್ಮ ಮನೆಯಲ್ಲಿ ಎರಡು ವರ್ಷದೊಳಗೆ ಮೂವರ ಹಲ್ಲು ಕೀಳಿಸಿದ್ದಾಯಿತು. ನನ್ನದು ಕೆಳದವಡೆಯ ಬುದ್ಧಿಹಲ್ಲು, ಒಸಡು ಕೊಯ್ದು ಹೊಲಿಗೆ ಹಾಕಿ ತೆಗೆದದ್ದು. ಅಮ್ಮನದು ಅಲ್ಲಾಡುತ್ತಿದ್ದ ದವಡೆ ಹಲ್ಲು. ಅವರಿಗೆ ಸಕ್ಕರೆ ಕಾಯಿಲೆಯೂ ಇದೆ, ಬಿಪಿಯೂ ಇದೆ. ಊರಲ್ಲಿ ಬೇಸಾಯ ಮಾಡಿಕೊಂಡಿರುವ ಭಾವನದು ಹುಳುಕು ಹಲ್ಲು. ನನಗೆ ಹೊಂದಿದ್ದು ಅಮ್ಮನಿಗೆ ಹೊಂದಲಿಲ್ಲ, ಅಮ್ಮನಿಗೆ ಸಾಕಾದದ್ದು ನನಗೆ ಸಾಲಲಿಲ್ಲ. ಆ ಅನುಭವದ ಜತೆಗೆ, ಆಗ ಡಾಕ್ಟರುಗಳ ಹತ್ತಿರ ಕೇಳಿ, ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲ ಅಳತೆಗೋಲು ಹೆಪ್ಪು. ಹಲ್ಲು ಕಿತ್ತ ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ; ಕೆಳಗಿನ ಮೂಳೆಗೂ ನರಗಳಿಗೂ ಅದೇ ಮುಚ್ಚಳ, ಮುಂದೆ ಹೊಸ ಒಸಡು ಬೆಳೆಯುವುದೂ ಅದರ ಮೇಲೆಯೇ. ರಾತ್ರಿ ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆಯನ್ನು ಯಾರೂ ಅಲ್ಲಾಡಿಸುವುದಿಲ್ಲವಲ್ಲ, ಇಲ್ಲೂ ಹಾಗೆಯೇ. ಯಾವ ಸಲಹೆ ಬಂದರೂ ಮೊದಲು ಕೇಳಬೇಕಾದದ್ದು ಇದು: ಇದರಿಂದ ಹೆಪ್ಪು ಕದಲುತ್ತದೆಯೇ? ಜೋರಾಗಿ ಮುಕ್ಕಳಿಸುವುದು, ಉಗುಳುವುದು, ಸ್ಟ್ರಾದಲ್ಲಿ ಹೀರುವುದು, ಬೀಡಿ ಸಿಗರೇಟಿನ ದಮ್ಮು, ನಾಲಿಗೆಯಿಂದ ಗುಂಡಿ ತಡಕುವುದು, ಇವೆಲ್ಲ ಅದನ್ನು ಕದಲಿಸುತ್ತವೆ.

ಎರಡನೆಯದು ನಿಮ್ಮ ಮೈ. ಬಿಪಿ, ಸಕ್ಕರೆ, ಕಿಡ್ನಿ, ಹೊಟ್ಟೆಹುಣ್ಣು, ಅಸ್ತಮಾ, ಗರ್ಭ, ರಕ್ತ ತೆಳುವಾಗಿಸುವ ಮಾತ್ರೆ, ಇವುಗಳಲ್ಲಿ ಒಂದಿದ್ದರೂ ಆಯ್ಕೆ ಬದಲಾಗುತ್ತದೆ. ಮೂರನೆಯದು ಎಂಥ ಹಲ್ಲು ಅನ್ನುವುದು. ಅಲ್ಲಾಡುತ್ತಿದ್ದ ಹಲ್ಲಿಗೂ ಮೂಳೆ ಕೊರೆದು ತೆಗೆದ ಬುದ್ಧಿಹಲ್ಲಿಗೂ ನೋವಿನಲ್ಲಿ ಹೋಲಿಕೆಯೇ ಇಲ್ಲ. ಖರ್ಚನ್ನು ನಾನು ಕೊನೆಗಿಟ್ಟಿದ್ದೇನೆ, ಯಾಕೆಂದರೆ ಇಲ್ಲಿ ಒಳ್ಳೆಯ ಆಯ್ಕೆಗಳೆಲ್ಲ ಹೆಚ್ಚುಕಡಿಮೆ ಅಗ್ಗದವೇ. ದುಬಾರಿಯಾಗುವುದು ಕೂಲಿ ತಪ್ಪುವುದು ಮತ್ತು ಎರಡನೇ ಸಲ ಡಾಕ್ಟರ ಹತ್ತಿರ ಓಡುವುದು.

ಮೊದಲ ಕೆಲವು ಗಂಟೆ

ಇಲ್ಲಿ ಆಯ್ಕೆಗೆ ಹೆಚ್ಚು ಜಾಗವಿಲ್ಲ. ಡಾಕ್ಟರು ಕೊಟ್ಟ ಗಾಜ್ ಅಥವಾ ಹತ್ತಿಯನ್ನು ಅರ್ಧ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು. ಐದು ನಿಮಿಷಕ್ಕೊಮ್ಮೆ ತೆಗೆದು ರಕ್ತ ನಿಂತಿತೇ ಎಂದು ನೋಡಿದರೆ ನಿಲ್ಲುವ ರಕ್ತವೂ ನಿಲ್ಲುವುದಿಲ್ಲ. ಆಮೇಲೂ ಜಿನುಗುತ್ತಿದ್ದರೆ ಹೊಸ ಗಾಜ್ ಇಟ್ಟು ಮತ್ತೆ ಅಷ್ಟೇ ಹೊತ್ತು ಕಚ್ಚುವುದು. ಗಾಜ್ ಇಲ್ಲದಿದ್ದರೆ ಬಿಸಿನೀರಿನಲ್ಲಿ ಅದ್ದಿ ಆರಿಸಿ ಹಿಂಡಿದ ಟೀ ಬ್ಯಾಗ್ ಕೂಡ ನಡೆಯುತ್ತದೆ. ಚಹಾದ ಒಗರು ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ. ಎಂಜಲು ಒಂದು ದಿನದವರೆಗೆ ನಸುಗೆಂಪಾಗಿರುವುದು ಸಹಜ. ಅದನ್ನು ಉಗುಳದೆ ನುಂಗುವುದು ಅಮ್ಮನಿಗೆ ಬಹಳ ಕಷ್ಟವಾಯಿತು, ರಕ್ತ ನುಂಗಬಾರದು ಎಂಬ ನಂಬಿಕೆ ಅವರದು. ಅಷ್ಟು ಸ್ವಲ್ಪ ನುಂಗಿದರೆ ಏನೂ ಆಗುವುದಿಲ್ಲ. ತೀರ ಅಸಹ್ಯವಾದರೆ ಬಗ್ಗಿ ಬಾಯಿ ತೆರೆದು ತಾನಾಗಿ ಸುರಿಯಲು ಬಿಡಬಹುದು.

ಮರಗಟ್ಟಿದ ತುಟಿ ಕೆನ್ನೆಗೆ ಅರಿವು ಬರಲು ಎರಡರಿಂದ ನಾಲ್ಕು ಗಂಟೆ ಬೇಕು. ಅಲ್ಲಿಯವರೆಗೆ ಅಗಿಯುವುದೂ ಬೇಡ, ಬಿಸಿಯೂ ಬೇಡ. ಮಕ್ಕಳಿಗೆ ಹಲ್ಲು ಕೀಳಿಸಿದ್ದರಂತೂ ಜೋಮು ಬಿಡುವವರೆಗೂ ಪಕ್ಕದಲ್ಲೇ ಕೂತಿರಿ. ಅವರು ತಮಾಷೆಗೆ ತುಟಿ ಕಚ್ಚಿ ಗಾಯ ಮಾಡಿಕೊಳ್ಳುತ್ತಾರೆ.

ನೋವಿನ ಮಾತ್ರೆ: ಮೂರು ದಾರಿ

ಪ್ಯಾರಾಸಿಟಮಾಲ್ ಮೊದಲ ದಾರಿ. ಹೊಟ್ಟೆ ಉರಿಸುವುದಿಲ್ಲ, ರಕ್ತಸ್ರಾವ ಹೆಚ್ಚಿಸುವುದಿಲ್ಲ, ಬಿಪಿಯವರಿಗೂ ಬಸುರಿಯರಿಗೂ ಸಾಮಾನ್ಯವಾಗಿ ಡಾಕ್ಟರುಗಳು ಇದನ್ನೇ ಆರಿಸುತ್ತಾರೆ. ಮಾತ್ರೆಯೊಂದಕ್ಕೆ ಒಂದೆರಡು ರೂಪಾಯಿ, ಜನೌಷಧಿ ಕೇಂದ್ರದಲ್ಲಿ ಇನ್ನೂ ಕಡಿಮೆ. ಕೊರತೆ ಏನೆಂದರೆ ಇದು ನೋವು ತಗ್ಗಿಸುತ್ತದೆ, ಊತದ ಮೇಲೆ ಅಷ್ಟು ಕೆಲಸ ಮಾಡುವುದಿಲ್ಲ. ಅಲ್ಲಾಡುತ್ತಿದ್ದ ಹಲ್ಲಿಗೆ, ಒಂಟಿ ಬೇರಿನ ಮುಂದಿನ ಹಲ್ಲಿಗೆ ಬಹಳಷ್ಟು ಸಲ ಇದೇ ಸಾಕು. ಅಮ್ಮನಿಗೆ ಎರಡು ದಿನಕ್ಕೆ ನಾಲ್ಕು ಮಾತ್ರೆಯಲ್ಲಿ ಮುಗಿಯಿತು.

ಎರಡನೆಯದು ಐಬುಪ್ರೊಫೆನ್ ಮತ್ತು ಅದರ ಬಳಗದ ಡೈಕ್ಲೊಫೆನಾಕ್, ಎಸಿಕ್ಲೊಫೆನಾಕ್, ಕೆಟೊರೊಲಾಕ್. ಇವು ಊತದ ಬುಡಕ್ಕೇ ಕೈ ಹಾಕುತ್ತವೆ. ಕೆಳಗಿನ ಬುದ್ಧಿಹಲ್ಲು ತೆಗೆಸಿಕೊಂಡವರ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ನೋಡಿದ 2013ರ ಕೊಕ್ರೇನ್ ಪರಿಶೀಲನೆಯಲ್ಲಿ ಐಬುಪ್ರೊಫೆನ್ ಪ್ಯಾರಾಸಿಟಮಾಲ್‌ಗಿಂತ ಹೆಚ್ಚು ನೋವು ತಗ್ಗಿಸುತ್ತದೆ ಎಂದೇ ಕಂಡುಬಂತು. ಆದರೆ ಹೊಟ್ಟೆಹುಣ್ಣು ಇರುವವರು, ಕಿಡ್ನಿ ಸಮಸ್ಯೆಯವರು, ಹೃದಯದ ಕಾಯಿಲೆಯವರು, ಇಂಥ ಮಾತ್ರೆಯಿಂದ ಉಬ್ಬಸ ಕೆರಳುವ ಅಸ್ತಮಾದವರು, ಗರ್ಭಕ್ಕೆ 20 ವಾರ ತುಂಬಿದವರು ಡಾಕ್ಟರು ಹೇಳದೆ ಇದನ್ನು ಮುಟ್ಟಬಾರದು. ಬಿಪಿಯನ್ನೂ ಇದು ಏರಿಸಬಲ್ಲದು. ಡೆಂಗಿ ಜ್ವರದ ಅನುಮಾನ ಇದ್ದರೂ ಬೇಡ. ಕೆಟೊರೊಲಾಕ್ ಬಹಳ ಬಲವಾದದ್ದು. ಐದು ದಿನ ಮೀರಿ ಅದನ್ನು ತೆಗೆದುಕೊಳ್ಳುವಂತೆಯೇ ಇಲ್ಲ. ಹಿಂದಿನ ಸಲ ಉಳಿದದ್ದು ಮನೆಯಲ್ಲಿದೆ ಎಂದು ನುಂಗುವ ಮಾತ್ರೆ ಅದಲ್ಲ.

ಮೂರನೆಯದು ಎರಡನ್ನೂ ಸೇರಿಸುವುದು. ನನ್ನ ಬುದ್ಧಿಹಲ್ಲಿಗೆ ಕೆಲಸ ಮಾಡಿದ್ದು ಇದೇ. ಎರಡೂ ಬೇರೆಬೇರೆ ದಾರಿಯಲ್ಲಿ ನೋವು ತಡೆಯುವುದರಿಂದ ಜತೆಗೂಡಿದಾಗ ಒಂದೊಂದಕ್ಕಿಂತ ಹೆಚ್ಚು ಹಿಡಿತ ಸಿಗುತ್ತದೆ. ಅಮೆರಿಕದ ದಂತವೈದ್ಯರ ಸಂಘ 2024ರಲ್ಲಿ ಕೊಟ್ಟ ಮಾರ್ಗಸೂಚಿಯೂ ಐಬುಪ್ರೊಫೆನ್ ಬಳಗವನ್ನು, ಒಂಟಿಯಾಗಿ ಅಥವಾ ಪ್ಯಾರಾಸಿಟಮಾಲ್ ಜತೆಗೆ, ಮೊದಲ ಆಯ್ಕೆಯಾಗಿ ಇಡುತ್ತದೆ. ಟ್ರಮಡಾಲ್‌ನಂಥ ಮಾತ್ರೆಗಳು ಅದರ ನಂತರದ ಮಾತು. ಅವು ತಲೆಸುತ್ತು, ವಾಕರಿಕೆ, ಮಲಬದ್ಧತೆ ತರುತ್ತವೆ, ಹಲ್ಲು ಕೀಳಿಸಿದ ದಿನ ವಾಂತಿ ಬರುವುದಕ್ಕಿಂತ ಕಷ್ಟ ಇನ್ನೊಂದಿಲ್ಲ.

ಸೇರಿಸುವಾಗ ಎಡವುವುದು ಲೆಕ್ಕದಲ್ಲಿ. ಕಾಂಬಿಫ್ಲಾಮ್ ಮಾತ್ರೆಯಲ್ಲಿ 400 ಮಿಲಿಗ್ರಾಂ ಐಬುಪ್ರೊಫೆನ್ ಜತೆಗೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಆಗಲೇ ಇದೆ. ಅದರ ಮೇಲೆ ಡೋಲೊ 650, ಶೀತಕ್ಕೆಂದು ಇನ್ನೊಂದು ಮಾತ್ರೆ ಎಂದು ಹೋದರೆ ಪ್ಯಾರಾಸಿಟಮಾಲ್ ಮೂರು ಕಡೆಯಿಂದ ಒಳಗೆ ಹೋಗುತ್ತದೆ. ಆರೋಗ್ಯವಂತ ದೊಡ್ಡವರಿಗೂ 24 ಗಂಟೆಗೆ 4 ಗ್ರಾಂ ಅದರ ಗಡಿ. ಲಿವರ್ ತೊಂದರೆಯಿರುವವರಿಗೆ, ದಿನಾ ಕುಡಿಯುವವರಿಗೆ ಇನ್ನೂ ಕಡಿಮೆ. ಡಾಕ್ಟರು ಎಸಿಕ್ಲೊಫೆನಾಕ್ ಬರೆದಿರುವಾಗ ಮೇಲೊಂದು ಐಬುಪ್ರೊಫೆನ್ ನುಂಗುವುದು ಇದಕ್ಕಿಂತಲೂ ದೊಡ್ಡ ತಪ್ಪು. ಎರಡೂ ಒಂದೇ ಬಳಗ. ನೋವು ಎರಡು ಪಾಲು ಕಡಿಮೆಯಾಗುವುದಿಲ್ಲ, ಹೊಟ್ಟೆಗೂ ಕಿಡ್ನಿಗೂ ಪೆಟ್ಟು ಮಾತ್ರ ಹೆಚ್ಚು. ಮಾತ್ರೆ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಒಳಗಿನ ಔಷಧದ ಹೆಸರಿರುತ್ತದೆ, ಅದನ್ನು ಓದಿಯೇ ನುಂಗಿ.

ಮಾತ್ರೆಯಷ್ಟೇ ಮುಖ್ಯ ಅದರ ಹೊತ್ತು. ಜೋಮು ಬಿಟ್ಟು ನೋವು ಏರಿದ ಮೇಲೆ ನುಂಗಿದರೆ ಮಾತ್ರೆ ಹಿಡಿಯುವವರೆಗಿನ ಒಂದು ಗಂಟೆ ನರಳಬೇಕು. ನನಗೆ ಡಾಕ್ಟರು ಹೇಳಿದ್ದು ಜೋಮು ಇರುವಾಗಲೇ, ಇನ್ನೊಂದು ಪಕ್ಕದಿಂದ ಒಂದು ಲೋಟ ತಣ್ಣನೆ ಹಾಲು ನಿಧಾನವಾಗಿ ಕುಡಿದು ಮೊದಲ ಮಾತ್ರೆ ನುಂಗಿ ಎಂದು. ಆ ರಾತ್ರಿ ನಾನು ನಿದ್ದೆ ಮಾಡಿದೆನೆಂದರೆ ಅದರಿಂದಲೇ. ಮೊದಲ ಎರಡು ದಿನ ಹೇಳಿದ ಹೊತ್ತಿಗೆ ಸರಿಯಾಗಿ, ಮೂರನೇ ದಿನದಿಂದ ನೋವಿದ್ದರೆ ಮಾತ್ರ.

ಆಂಟಿಬಯಾಟಿಕ್ ನೋವಿನ ಮಾತ್ರೆಯಲ್ಲ, ಎಲ್ಲ ಹಲ್ಲಿಗೂ ಬೇಕಾಗುವುದೂ ಇಲ್ಲ. ಬರೆದಿದ್ದರೆ ಪೂರ್ತಿ ಮುಗಿಸಿ, ಬರೆಯದಿದ್ದರೆ ಕೇಳಿ ಪಡೆಯಬೇಡಿ. ಮೆಟ್ರೊನಿಡಜೋಲ್ ಬರೆದಿದ್ದರೆ ಮದ್ಯ ಮುಟ್ಟುವಂತಿಲ್ಲ.

ಎಕೋಸ್ಪ್ರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಹಲ್ಲಿಗಾಗಿ ತಾವಾಗಿ ನಿಲ್ಲಿಸುವುದು ಅಪಾಯ. ಹಲ್ಲಿನ ಗುಂಡಿಯ ರಕ್ತ ಹೊಲಿಗೆ, ಗಾಜ್‌ನಿಂದ ನಿಲ್ಲುತ್ತದೆ. ಹೃದಯದ ನಾಳ ಕಟ್ಟಿಕೊಂಡರೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ. ಮೊದಲೇ ಎರಡೂ ಡಾಕ್ಟರುಗಳಿಗೆ ತಿಳಿಸಿ ಅವರು ಹೇಳಿದಂತೆ ಮಾಡಬೇಕು.

ಲವಂಗದ ವಿಷಯಕ್ಕೆ ಬಂದರೆ, ಹುಳುಕು ಹಲ್ಲಿನ ನೋವಿಗೆ ಅದು ಒಳ್ಳೆಯದು, ಅದರ ಯೂಜಿನಾಲ್ ಮರಗಟ್ಟಿಸುತ್ತದೆ. ಆದರೆ ಹಸಿ ಗಾಯದ ಗುಂಡಿಗೆ ಲವಂಗದ ಎಣ್ಣೆ ಬಿಟ್ಟರೆ ಸುಡುತ್ತದೆ, ಲವಂಗ ತುರುಕಿದರೆ ಹೆಪ್ಪು ಕದಲುತ್ತದೆ. ಆಸ್ಪಿರಿನ್ ಮಾತ್ರೆಯನ್ನು ಒಸಡಿಗೆ ಒತ್ತಿಟ್ಟುಕೊಂಡರೆ ಒಸಡಿನ ಚರ್ಮ ಬೆಂದು ಬಿಳಿಯಾಗುತ್ತದೆ. ಕಡ್ಡಿಪುಡಿ, ನಶ್ಯ, ಅರಿಶಿನದ ಉಂಡೆ ಗುಂಡಿಗೆ ಇಡುವ ಅಭ್ಯಾಸ ಕೆಲವು ಕಡೆ ಇದೆ, ಯಾವುದನ್ನೂ ಇಡಬೇಡಿ.

ಐಸು, ಶಾಖ

ಇವು ಒಂದಕ್ಕೊಂದು ಎದುರಾಳಿಗಳಲ್ಲ, ಸರದಿಯ ಮೇಲೆ ಬರುವವು. ಮೊದಲ ಒಂದೆರಡು ದಿನ ಐಸು: ಬಟ್ಟೆಯಲ್ಲಿ ಸುತ್ತಿ ಕೆನ್ನೆಯ ಹೊರಗೆ ಹದಿನೈದು ಇಪ್ಪತ್ತು ನಿಮಿಷ, ಅಷ್ಟೇ ಹೊತ್ತು ಬಿಡುವು, ಮತ್ತೆ ಒಮ್ಮೆ. ಫ್ರಿಜ್ ಇಲ್ಲದ ಮನೆಯಲ್ಲಿ ಮಡಕೆ ನೀರಲ್ಲಿ ಅದ್ದಿ ಹಿಂಡಿದ ಟವಲು ಐಸಿನಷ್ಟು ಅಲ್ಲದಿದ್ದರೂ ಹಾಯೆನಿಸುತ್ತದೆ. ಊತ ಎರಡು ಮೂರನೇ ದಿನಕ್ಕೆ ಏರಿ ಆಮೇಲೆ ಇಳಿಯುತ್ತದೆ. ಎರಡನೇ ದಿನ ಬೆಳಿಗ್ಗೆ ಕನ್ನಡಿ ನೋಡಿಕೊಂಡು, ನಿನ್ನೆಗಿಂತ ಕೆನ್ನೆ ಹೆಚ್ಚು ಊದಿದೆಯಲ್ಲ ಎಂದು ನಾನು ಹೆದರಿದ್ದೆ. ಹೆದರಬೇಕಿರಲಿಲ್ಲ. ಮೂರನೇ ದಿನದಿಂದ ಹೊರಗಿನಿಂದ ಬೆಚ್ಚನೆ ಬಟ್ಟೆಯ ಶಾಖ, ದವಡೆ ಬಿಗಿದು ಬಾಯಿ ತೆರೆಯಲು ಕಷ್ಟವಾದವರಿಗೆ ಬಹಳ ಹಿತ. ಮೊದಲ ದಿನವೇ ಶಾಖ ಕೊಟ್ಟರೆ ರಕ್ತವೂ ಊತವೂ ಹೆಚ್ಚುತ್ತದೆ.

ಉಪ್ಪುನೀರೋ ಬಾಟಲಿ ಔಷಧವೋ

ಮೊದಲ 24 ಗಂಟೆ ಎರಡೂ ಬೇಡ. ಮಾರನೇ ದಿನದಿಂದ, ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ಊಟವಾದ ಮೇಲೆಲ್ಲ. ಗಳಗಳ ಅಂತ ಮುಕ್ಕಳಿಸುವುದಲ್ಲ. ಬಾಯಿಗೆ ತುಂಬಿಕೊಂಡು ತಲೆಯನ್ನು ಆ ಪಕ್ಕಕ್ಕೂ ಈ ಪಕ್ಕಕ್ಕೂ ವಾಲಿಸಿ, ಬಗ್ಗಿ ಸುರಿದುಬಿಡುವುದು. ಕ್ಲೋರ್‌ಹೆಕ್ಸಿಡಿನ್ ದ್ರವ ಕೀಟಾಣುಗಳ ಮೇಲೆ ಇದಕ್ಕಿಂತ ಬಲವಾದದ್ದು, ಬುದ್ಧಿಹಲ್ಲು ತೆಗೆಸಿದವರಿಗೆ, ಬಾಯಿ ಶುಚಿ ಅಷ್ಟಕ್ಕಷ್ಟೇ ಇರುವವರಿಗೆ ಡಾಕ್ಟರು ಬರೆಯುವುದು ಅದಕ್ಕೇ. ಆದರೆ ನಾಲಿಗೆಯ ರುಚಿ ಕೆಡುತ್ತದೆ, ಹೆಚ್ಚು ದಿನ ಬಳಸಿದರೆ ಹಲ್ಲಿಗೆ ಕಂದುಬಣ್ಣ ಹಿಡಿಯುತ್ತದೆ. ಸಾಮಾನ್ಯ ಹಲ್ಲಿಗೆ ನಾನು ಅಡುಗೆಮನೆಯ ಉಪ್ಪನ್ನೇ ಆರಿಸುತ್ತೇನೆ.

ಊಟ

ಇಲ್ಲಿ ಬಿಸಿ, ಖಾರ, ಗಟ್ಟಿ, ಪುಡಿ, ಈ ನಾಲ್ಕನ್ನು ದೂರವಿಟ್ಟು ಹೊಟ್ಟೆ ತುಂಬಿಸಿಕೊಳ್ಳಬೇಕು. ಪುಡಿ ಮತ್ತು ಕಾಳಿನ ಕಾಟವನ್ನು ಯಾರೂ ಮೊದಲೇ ಹೇಳುವುದಿಲ್ಲ. ಮೊಸರನ್ನ ಮೆತ್ತಗಿದೆ ಎಂದು ತಿಂದೆ, ಒಗ್ಗರಣೆಯ ಸಾಸಿವೆ ಕಾಳೊಂದು ಗುಂಡಿಯಲ್ಲಿ ಕೂತಿತು. ನಾಲಿಗೆ ಹಾಕಿ ತೆಗೆಯುವಂತಿಲ್ಲ, ಕಡ್ಡಿ ಹಾಕುವಂತಿಲ್ಲ, ಉಪ್ಪುನೀರು ವಾಲಿಸಿ ವಾಲಿಸಿ ಸಂಜೆಗೆ ಹೋಯಿತು. ಒಂದು ವಾರ ಒಗ್ಗರಣೆ ಇಲ್ಲದ ಅಡುಗೆ ಮಾಡಿಸಿಕೊಳ್ಳಿ. ಚಿತ್ರಾನ್ನ, ಅವಲಕ್ಕಿ, ಉಪ್ಪಿಟ್ಟು, ಚಟ್ನಿಪುಡಿ, ಗುರೆಳ್ಳು, ಶೇಂಗಾ ಎಲ್ಲ ಆಮೇಲೆ.

ಐಸ್‌ಕ್ರೀಂ ಮೊದಲ ದಿನಕ್ಕೆ ನಿಜಕ್ಕೂ ಹಿತ, ತಣ್ಣಗಿರುತ್ತದೆ, ಅಗಿಯಬೇಕಿಲ್ಲ. ದ್ರಾಕ್ಷಿ ಗೋಡಂಬಿ ಇಲ್ಲದ್ದು, ಚಮಚದಲ್ಲಿ. ಆದರೆ ಅದರಲ್ಲೇ ಹೊಟ್ಟೆ ತುಂಬಿಸಲಾಗುವುದಿಲ್ಲ, ಸಕ್ಕರೆ ಕಾಯಿಲೆಯವರಿಗೆ ಆಗುವುದೇ ಇಲ್ಲ. ಅಕ್ಕಿ ಗಂಜಿ ಎಲ್ಲರ ಮನೆಯಲ್ಲೂ ಆಗುತ್ತದೆ, ಆರಿಸಿ ಕುಡಿದರೆ ಮೊದಲ ದಿನಕ್ಕೆ ಸರಿ. ಕರಾವಳಿಯ ಕುಚ್ಚಲಕ್ಕಿ ಗಂಜಿಯಾದರೆ ಮೊದಲ ದಿನ ತಿಳಿಯನ್ನಷ್ಟೇ, ಅಗುಳು ಮರುದಿನ ಕಿವುಚಿ. ಗಂಜಿ ಬೇಗ ಕರಗಿ ಮತ್ತೆ ಹಸಿವಾಗುತ್ತದೆ, ಅದೊಂದೇ ತೊಂದರೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲೆ ನಿಂತದ್ದು ರಾಗಿ ಅಂಬಲಿ. ಗಂಟಿಲ್ಲದಂತೆ ಕಾಯಿಸಿ, ಆರಿಸಿ, ಮಜ್ಜಿಗೆ ಉಪ್ಪು ಬೆರೆಸಿದರೆ ಲೋಟದಿಂದ ಕುಡಿಯಬಹುದು, ನಾಲ್ಕು ಗಂಟೆ ಹಸಿವು ತಡೆಯುತ್ತದೆ, ಖರ್ಚು ಏನೂ ಇಲ್ಲ. ಹಸಿಮೆಣಸು ಈರುಳ್ಳಿ ಹಾಕಬೇಡಿ, ಅಷ್ಟೆ. ಮುದ್ದೆ ನುಂಗಿ ರೂಢಿಯಿರುವವರಿಗೆ ಇನ್ನೂ ಒಂದು ಅನುಕೂಲ: ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಭಾವ ಎರಡನೇ ದಿನವೇ ಮೆತ್ತಗಿನ ಮುದ್ದೆಯನ್ನು ಆರಿಸಿ, ಖಾರವಿಲ್ಲದ ಬೇಳೆಕಟ್ಟಿನಲ್ಲಿ ಅದ್ದಿ ಸಣ್ಣ ತುತ್ತು ಮಾಡಿ ನುಂಗಿದರು. ಬುದ್ಧಿಹಲ್ಲು ತೆಗೆಸಿದವರಿಗೆ ಇದಾಗದು, ಅವರ ಬಾಯಿ ಎರಡು ಬೆರಳಗಲ ತೆರೆದರೆ ಹೆಚ್ಚು. ಬಡಗಣ ಕರ್ನಾಟಕದವರಿಗೆ ಕಟಕ್ ರೊಟ್ಟಿ ಒಂದು ವಾರ ದೂರ. ಜೋಳದ ಅಂಬಲಿ ಮೊದಲ ದಿನದಿಂದಲೂ ಸರಿ, ಮೂರನೇ ದಿನಕ್ಕೆ ಮೆತ್ತನೆ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕಿವುಚಿಕೊಳ್ಳಬಹುದು.

ಸಕ್ಕರೆ ಕಾಯಿಲೆಯವರಿಗೆ ಊಟದ ಆಯ್ಕೆ ರುಚಿಯ ಮಾತಲ್ಲ. ಬಾಯಿ ನೋಯುತ್ತದೆ ಎಂದು ಊಟ ಬಿಟ್ಟು, ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ಮಾತ್ರ ಎಂದಿನಂತೆ ತೆಗೆದುಕೊಂಡರೆ ಸಕ್ಕರೆ ಇಳಿದುಬಿಡಬಹುದು. ಬರೀ ಗಂಜಿ, ಜ್ಯೂಸು ಎಂದು ಹೋದರೆ ಏರುತ್ತದೆ, ಏರಿದ ಸಕ್ಕರೆಯಲ್ಲಿ ಗಾಯ ನಿಧಾನವಾಗಿ ಮಾಯುತ್ತದೆ. ಅಮ್ಮನಿಗೆ ಬೆಳಿಗ್ಗೆಯೇ ತಿಂಡಿ ತಿನ್ನಿಸಿ ಹಲ್ಲು ಕೀಳಿಸಲು ಕರೆದುಕೊಂಡು ಹೋದೆವು. ಆಮೇಲೆ ಹೆಸರುಬೇಳೆ ತೊವ್ವೆ ಕಿವುಚಿದ ಸ್ವಲ್ಪ ಅನ್ನ, ಮಜ್ಜಿಗೆ ಅಂಬಲಿ, ಮೆತ್ತಗೆ ಬೆಂದ ಇಡ್ಲಿ, ಎರಡೆರಡು ಗಂಟೆಗೆ ಸ್ವಲ್ಪಸ್ವಲ್ಪ. ದಿನಕ್ಕೆ ಎರಡು ಸಲ ಮನೆಯಲ್ಲೇ ಸಕ್ಕರೆ ನೋಡಿದೆವು.

ಎಳನೀರು ಒಳ್ಳೆಯದು, ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯಿರಿ. ಅಂಗಡಿಯವರು ರೂಢಿಯಿಂದ ಸ್ಟ್ರಾ ಹಾಕಿಯೇ ಕೊಡುತ್ತಾರೆ, ಅದನ್ನು ತೆಗೆದುಬಿಡಿ. ಕಾಫಿ ಟೀ ಬಿಡಲಾಗದವರು ಪೂರ್ತಿ ಆರಿಸಿ ಕುಡಿಯಬಹುದು.

ರಜೆ ಎಷ್ಟು, ರಾತ್ರಿ ಎಲ್ಲಿ

ಕೂತು ಮಾಡುವ ಕೆಲಸವಾದರೆ ಸುಲಭದ ಹಲ್ಲಿಗೆ ಆ ದಿನ ಸಾಕು, ಬುದ್ಧಿಹಲ್ಲಿಗೆ ಎರಡು ಮೂರು ದಿನ. ಹೊಲದಲ್ಲಿ ಬಗ್ಗುವುದು, ಮೂಟೆ ಎತ್ತುವುದು, ಜಿಮ್ಮು, ಇವು ತಲೆಗೆ ರಕ್ತ ನುಗ್ಗಿಸಿ ನಿಂತ ರಕ್ತವನ್ನು ಮತ್ತೆ ಹರಿಸುತ್ತವೆ. ಕನಿಷ್ಠ ಎರಡು ಮೂರು ದಿನ ಬಿಡಬೇಕು. ದಿನಗೂಲಿಯವರಿಗೆ ಇದು ಸಣ್ಣ ಮಾತಲ್ಲ. ತುರ್ತಿಲ್ಲದ ಹಲ್ಲಾದರೆ ಕೆಲಸ ಕಡಿಮೆಯಿರುವ ವಾರ ನೋಡಿ ಕೀಳಿಸುವುದು ಜಾಣತನ.

ದೂರದ ಊರಿಂದ ಪೇಟೆಗೆ ಬಂದು ಕೀಳಿಸಿಕೊಳ್ಳುವವರಿಗೆ ಇನ್ನೊಂದು ಪ್ರಶ್ನೆ, ಸಂಜೆ ಬಸ್ಸಿಗೆ ಹೊರಡುವುದೋ ನೆಂಟರ ಮನೆಯಲ್ಲಿ ಉಳಿಯುವುದೋ. ಸುಲಭದ ಹಲ್ಲು, ಎರಡು ಗಂಟೆಯ ದಾರಿ ಆದರೆ ಬೆಳಿಗ್ಗೆ ಕೀಳಿಸಿ, ಆಸ್ಪತ್ರೆಯ ಹತ್ತಿರ ಒಂದೆರಡು ಗಂಟೆ ಕೂತು ರಕ್ತ ನಿಂತದ್ದು ಖಚಿತವಾದ ಮೇಲೆ ಹೊರಡಬಹುದು. ಹೊಲಿಗೆ ಬಿದ್ದ ಹಲ್ಲು, ರಕ್ತ ತೆಳುವಾಗಿಸುವ ಮಾತ್ರೆ, ವಯಸ್ಸು ಇವುಗಳಲ್ಲಿ ಒಂದಿದ್ದರೂ ಆ ರಾತ್ರಿ ಉಳಿಯುವುದೇ ಸರಿ. ಎಲ್ಲಿ ಮಲಗಿದರೂ ಎರಡು ದಿಂಬು ಹಾಕಿ ತಲೆ ಎತ್ತರದಲ್ಲಿರಲಿ.

ಯಾವ ಆಯ್ಕೆಯೂ ಸಾಲದಿದ್ದಾಗ

ಭಾವನಿಗೆ ಮೊದಲೆರಡು ದಿನ ಎಲ್ಲ ಚೆನ್ನಾಗಿತ್ತು. ಎರಡನೇ ದಿನ ಸಂಜೆ ಗದ್ದೆ ಬದುವಿನಲ್ಲಿ ಎರಡು ಬೀಡಿ ಸೇದಿದ್ದಾರೆ. ಮೂರನೇ ರಾತ್ರಿ ಕಿವಿಯವರೆಗೂ ಹೊಡೆಯುವ ನೋವು, ಮಾತ್ರೆಗೆ ಜಗ್ಗಲಿಲ್ಲ, ಬಾಯಿ ಕೆಟ್ಟ ವಾಸನೆ. ಹೆಪ್ಪು ಹೋಗಿ ಗುಂಡಿಯ ಮೂಳೆ ಬರಿದಾಗಿತ್ತು. ಡಾಕ್ಟರುಗಳು ಇದನ್ನು ಡ್ರೈ ಸಾಕೆಟ್ ಅನ್ನುತ್ತಾರೆ. ಕೆಳದವಡೆಯ ಹಿಂದಿನ ಹಲ್ಲುಗಳಲ್ಲಿ, ಧೂಮಪಾನಿಗಳಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಂಗಸರಲ್ಲಿ ಇದು ಹೆಚ್ಚು. ಸಹಜವಾದ ನೋವು ದಿನದಿಂದ ದಿನಕ್ಕೆ ಇಳಿಯುತ್ತದೆ; ಇಳಿದ ನೋವು ಮೂರನೇ ನಾಲ್ಕನೇ ದಿನ ಮತ್ತೆ ಏರಿತೆಂದರೆ ಮಾತ್ರೆ ಬದಲಾಯಿಸುತ್ತ ಕೂರಬೇಡಿ. ಡಾಕ್ಟರು ಗುಂಡಿ ತೊಳೆದು ಯೂಜಿನಾಲ್ ಇರುವ ಔಷಧ ತುಂಬುತ್ತಾರೆ. ಭಾವನ ನೋವು ಅರ್ಧ ಗಂಟೆಯಲ್ಲಿ ತಗ್ಗಿತು. ಮನೆಯಲ್ಲಿ ಹಾಕಿದರೆ ಸುಡುವ ಅದೇ ಲವಂಗದ ಸಾರ, ಗೊತ್ತಿರುವವರ ಕೈಯಲ್ಲಿ ಅಳತೆಯಾಗಿ ಬಂದಾಗ ಔಷಧವಾಗುತ್ತದೆ. ಬೀಡಿ, ಸಿಗರೇಟು, ಎಲೆಅಡಿಕೆ, ಗುಟ್ಕಾ ಕನಿಷ್ಠ ಮೂರು ದಿನ ಬೇಡ, ಒಂದು ವಾರ ಬಿಟ್ಟರೆ ಇನ್ನೂ ಒಳ್ಳೆಯದು.

ಗಾಜ್ ಕಚ್ಚಿದರೂ ನಿಲ್ಲದೆ ಬಾಯಿ ತುಂಬುವ ರಕ್ತ, ಜ್ವರ, ಕೀವು, ಮೂರು ದಿನದ ಮೇಲೂ ಏರುವ ಊತ ಬಂದರೆ ಅದೇ ದಿನ ತೋರಿಸಿ. ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ರಾತ್ರಿಯಾದರೂ ಸರಿ, ನೇರ ದೊಡ್ಡ ಆಸ್ಪತ್ರೆಗೆ. ಹೊರಡುವ ಮುಂಚೆಯೇ ಡಾಕ್ಟರ ಹತ್ತಿರ ಎರಡು ವಿಷಯ ಕೇಳಿ ಬರೆದಿಟ್ಟುಕೊಳ್ಳಿ: ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಹಾಕಿದ ಹೊಲಿಗೆ ತಾನಾಗಿ ಕರಗುವುದೋ ಅಥವಾ ವಾರದೊಳಗೆ ಬಂದು ಬಿಚ್ಚಿಸಬೇಕಾದ ರೇಷ್ಮೆ ದಾರವೋ.